ಇಪ್ಪೆಕೊಪ್ಪಲಿನ ಒಕ್ಕಲು

ಬೆಳಗಿನ ಜಾವ ನಾಲ್ಕಕ್ಕೆ
ಆರೋಗ್ಯ ಕೇಂದ್ರದ ಹಿಂದಿನ ಮಳೆಮರದಡಿ
ಬಿಳಿ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ,
ಪಂಕ್ತಿಗೆ ಜಮಖಾನ ಹಾಸಿದ ಹಾಗೆ
ಸುಕ್ಕು ಬಿಡಿಸಿ, ಮೂಲೆಗೊಂದು ಇಟ್ಟಿಗೆಯಿಟ್ಟು.
ಗ್ಲೌಸಿನೊಳಗೆ ಬೆರಳು ಬೆವರುತ್ತವೆ.
ವಾಚ್‌ಮನ್ ಜವರಯ್ಯ ದೂರ ನಿಂತೇ ಕೇಳುತ್ತಾನೆ:
"ಏನವ್ವಾ, ಬಾವ್ಲಿ ಉಚ್ಚೆ ಹಿಡಿಯಾಕೂ
ಸರ್ಕಾರ ಸಂಬ್ಳ ಕೊಟ್ಟದಾ?"

ಕೊಡುತ್ತದೆ, ಜವರಯ್ಯ.
ಟಿ.ಎ. ಮಾತ್ರ ತಡ.

ಐದರ ಹೊತ್ತಿಗೆ ಬರುತ್ತವೆ.
ವಿ.ಸಿ. ನಾಲೆಯ ಮೇಲೆ ತಗ್ಗಿ, ಎದೆ ನೀರಿಗೆ ತಾಗಿಸಿ,
ಒದ್ದೆ ತುಪ್ಪಳ ನೆಕ್ಕಿಕೊಳ್ಳುತ್ತ
ಮಂಡ್ಯದ ಮೊದಲ ಬಸ್ಸಿನಲ್ಲಿ ಸೀಟಿಗೆ ಕಿತ್ತಾಡುವವರಂತೆ
ಕೊಂಬೆಗೆ ಕಿತ್ತಾಡುತ್ತವೆ.
ಒಂದರ ಎದೆಗೆ ಮರಿ ಕಚ್ಚಿಕೊಂಡಿದೆ.
ಟಪ್. ಹಾಳೆಯ ಮೇಲೆ ಹನಿ.
ನಾನು ಬಗ್ಗಿ ಹೀರಿ ಕೊಳವೆಗೆ ತುಂಬಿಸಿ
ಐಸ್ ಡಬ್ಬಿಯಲ್ಲಿಡುತ್ತೇನೆ.

ಮೊದಲು ಇವು ಇಲ್ಲಿರಲಿಲ್ಲ.
ಇವುಗಳ ಹಳೆಯ ವಿಳಾಸ ಈಗ
ಬಸ್ಸಿನ ಬೋರ್ಡಿನಲ್ಲಷ್ಟೇ ಉಳಿದಿದೆ.
ಕೆರೆಯಾಚೆ ಎಂಟು ಎಕರೆ ಇಪ್ಪೆತೋಪು,
ಶಿವರಾತ್ರಿ ಕಳೆದರೆ ಹೂ ಸುರಿದು
ನೆಲವೆಲ್ಲ ಹೆಂಡದ ಕಂಪು.
ಹೂವು ಇವಕ್ಕೆ, ಬೀಜ ದುಂಡಮ್ಮನಿಗೆ,
ಗಾಣಕ್ಕೆ ಹಾಕಿಸಿ ದೀಪಕ್ಕೆ ಎಣ್ಣೆ.
ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕಿದ್ದಿಲ್ಲ.
ಆಗಲೂ ಇವುಗಳ ನೆತ್ತರಲ್ಲಿ ಏನೋ ಒಂದು
ಒಕ್ಕಲಿದ್ದಿರಬೇಕು, ಮೈ ಬಿಸಿ ಮಾಡದೆ,
ನಮ್ಮ ಬಾಯಲ್ಲಿ ಹೆಸರು ಪಡೆಯದೆ.

ಮೂರು ದಿನ ಗರಗಸದ ಮಿಷನ್ನು.
ನೂರಾ ಹದಿನಾಲ್ಕು ಮರ.
ಹಾಡಹಗಲಲ್ಲಿ ಬಾವಲಿ ಹಾರಿದ್ದನ್ನು
ಊರು ಮೊದಲ ಸಲ ಕಂಡದ್ದು ಆಗ.
ಕೆಲವು ಕರೆಂಟು ತಂತಿಗೆ ಸಿಕ್ಕಿ ಸೀದವು.
ಉಳಿದವು ಇಲ್ಲಿಗೆ ಬಂದವು,
ಚೀಟಿ ಹಿಡಿದು ಕೂತ ಬಾಣಂತಿಯರ ನೆತ್ತಿಯ ಮೇಲಕ್ಕೆ.

ಹಸಿದದ್ದು, ಬೆದರಿದ್ದು
ಒಳಗಿನದನ್ನು ಹಿಡಿದಿಟ್ಟುಕೊಳ್ಳಲಾರದು,
ಜೊಲ್ಲಲ್ಲಿ ಉಚ್ಚೆಯಲ್ಲಿ ಚೆಲ್ಲುತ್ತದೆ
ಅನ್ನುತ್ತಾರೆ ರುಕ್ಸಾನಾ ಮೇಡಂ, ಕೊಳವೆಗೆ ಲೇಬಲ್ ಅಂಟಿಸುತ್ತ.

ಶಾಲೆಯಲ್ಲಿ ಹೇಳಿ ಬಂದೆ:
ಕಚ್ಚಿದ ಸೀಬೆ ತಿನ್ನಬೇಡಿ, ಮುಟ್ಟಲೂ ಬೇಡಿ.
"ಗಿಣಿ ಕಚ್ಚಿದ್ದೇ ಸಿಹಿ ಅಂತಾರಲ್ಲ ಮಿಸ್?"
ಎರಡನೇ ಬೆಂಚಿನ ಲಿಖಿತಾ.
ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದಳು,
ಮಡಿಲಿಂದ ತೆಗೆದು ಕೊಡುತ್ತ.
ಕೊಕ್ಕೋ ಹಲ್ಲೋ, ಹಣ್ಣಿನ ಗಾಯ ಹೇಳುವುದಿಲ್ಲ ಮಗಾ.
ಅವಳು ಜೇಬಿನ ಮೇಲೆ ಕೈಯಿಟ್ಟುಕೊಂಡಳು.

ಫಾರಂ ತುಂಬಬೇಕು. 'ಸಂಭಾವ್ಯ ಮೂಲ'
ಎಂಬಲ್ಲಿ ಎರಡಿಂಚು ಜಾಗ.
ಬಾವಲಿ, ಎಂದು ಬರೆದೆ.
ಇನ್ನೂ ಜಾಗ ಉಳಿದಿತ್ತು.

ತೋಪಿದ್ದಲ್ಲಿ ಈಗ ಬಡಾವಣೆ.
ಸೈಟ್ ನಂಬರ್ ನಲವತ್ತೇಳು, ಮೂವತ್ತು ನಲವತ್ತು,
ಪೂರ್ವದ ಬಾಗಿಲು: ನನ್ನದು.
ಪಿ.ಎಫ್. ಸಾಲ, ಜೊತೆಗೆ ಅಮ್ಮನ ಎರಡೆಳೆ ಸರ.
ಬುಡ ಕೀಳಿಸಲು ಜೆಸಿಬಿಗೆ
ಗಂಟೆಗೆ ಸಾವಿರದಿನ್ನೂರು ಕೊಟ್ಟವಳು ನಾನೇ.
ಬೇರು ಬಿಡಲೊಲ್ಲದೆ ಮೂರು ಗಂಟೆ ಹಿಡಿಯಿತು.
ಚೌಕಾಸಿ ಮಾಡಿದ್ದೆ.

ಹದಿನೇಳನೇ ದಿನ ವರದಿ: ನೆಗೆಟಿವ್.
ಪಕ್ಕದಲ್ಲಿ ಮೇಡಂ ಪೆನ್ನಿನಲ್ಲಿ ಸೇರಿಸಿದ್ದರು:
ಈ ಸಲ.

ಸಂಜೆ ಪಾಯಕ್ಕೆ ನೀರು ಹಾಕಲು ಹೋದೆ.
ಒಂದೇ ಒಂದು ಬಂತು.
ನನ್ನ ಮಹಡಿ ಬರಬೇಕಾದ ಎತ್ತರದಲ್ಲಿ
ಎರಡು ಸುತ್ತು ಹಾಕಿ
ಇಲ್ಲದ ಕೊಂಬೆಗೆ ಕಾಲು ಚಾಚಿತು.
ಮುಂಗೈ ಮೇಲೆ ಏನೋ ತಣ್ಣಗೆ ಬಿತ್ತು.
ಗ್ಲೌಸ್ ಇರಲಿಲ್ಲ.
ತಲೆಯೆತ್ತಿ ನೋಡಿದೆ,
ಬಾಯಿ ಮುಚ್ಚಿಕೊಂಡು.